ಸಣ್ಣ ಐಷಾರಾಮಿ ಹಡಗಿನ ಕೆಲಸಕ್ಕೆ ಮಗನನ್ನು ಕಳಿಸಬಹುದಾ? ಗೊತ್ತಿದ್ದವರು ದಯವಿಟ್ಟು ಹೇಳಿ

ಕೈಮರದ ಅಮ್ಮ (ಚಿಕ್ಕಮಗಳೂರು)

ಎಲ್ಲರಿಗೂ ನಮಸ್ಕಾರ. ಕೈಮರದ ಹತ್ತಿರ ನಮ್ಮದು ಮೂರೂವರೆ ಎಕರೆ ಕಾಫಿ ತೋಟ. ಒಬ್ಬನೇ ಮಗ, 23 ವರ್ಷ. ಹೋಟೆಲ್ ಮ್ಯಾನೇಜ್‌ಮೆಂಟ್ ಮುಗಿಸಿ ಎರಡು ವರ್ಷದಿಂದ ಮುಳ್ಳಯ್ಯನಗಿರಿ ರಸ್ತೆಯ ಒಂದು ರೆಸಾರ್ಟಿನಲ್ಲಿ ಕೆಲಸ ಮಾಡುತ್ತಿದ್ದಾನೆ. ಈಗ ಹಡಗಿಗೆ ಹೋಗುತ್ತೇನೆ ಅಂತ ಹಟ ಹಿಡಿದಿದ್ದಾನೆ. ಟೀವಿಯಲ್ಲಿ ತೋರಿಸುವ ದೊಡ್ಡ ಹಡಗಲ್ಲವಂತೆ, ನೂರಿಪ್ಪತ್ತು ಜನ ಪ್ರಯಾಣಿಕರು ಮಾತ್ರ ಇರುವ ಸಣ್ಣ ಹಡಗಂತೆ, ಬರುವವರೆಲ್ಲ ಭಾರಿ ಶ್ರೀಮಂತರಂತೆ. ಬೆಂಗಳೂರಿನ ಒಬ್ಬ ಏಜೆಂಟ್ ಎರಡೂವರೆ ಲಕ್ಷ ಕೇಳಿದ್ದಾನೆ. ಅರ್ಧ ಈಗಲೇ ಕೊಡಬೇಕು, ಉಳಿದದ್ದು ವೀಸಾ ಬಂದ ಮೇಲೆ.

ಈ ಸಲದ ಕಾಫಿ ದುಡ್ಡು ಬ್ಯಾಂಕಿನಲ್ಲಿದೆ, ಕೊಡಬಹುದು. ಆದರೆ ಅವನು ಹೋಗುವ ಜಾಗ ಎಂಥದ್ದು ಅಂತಲೇ ನನಗೆ ಗೊತ್ತಿಲ್ಲ. ಸಮುದ್ರ ನೋಡಿದ್ದೇ ಒಂದು ಸಲ, ಮಲ್ಪೆಯಲ್ಲಿ. ಅಲ್ಲಿ ಊಟ, ನಿದ್ದೆ, ಕೆಲಸ ಎಲ್ಲ ಹೇಗಿರುತ್ತದೆ? ಕಷ್ಟ ಬಂದರೆ ಯಾರನ್ನು ಕೇಳಬೇಕು? ಹಡಗಿನಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ ಮುಚ್ಚುಮರೆಯಿಲ್ಲದೆ ಹೇಳಿ.

ಹೇಮಾವತಿ ದಡ (ಸಕಲೇಶಪುರ)

ಅಮ್ಮಾ, ಮೊದಲು ದುಡ್ಡಿನ ವಿಷಯ ಹೇಳಿಬಿಡುತ್ತೇನೆ. ಆ ಏಜೆಂಟನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ನಾನು ಸಣ್ಣ ಹಡಗುಗಳಲ್ಲಿ ಆರು ವರ್ಷ ಕ್ಯಾಬಿನ್ ಸ್ಟುವರ್ಡ್ ಆಗಿ ದುಡಿದವನು, ಗೊತ್ತಿದ್ದೇ ಹೇಳುತ್ತಿದ್ದೇನೆ. ಹಡಗಿನ ಕೆಲಸ ಕೊಡಿಸುವುದಕ್ಕೆ ಅಭ್ಯರ್ಥಿಯಿಂದ ಹಣ ಪಡೆಯುವಂತಿಲ್ಲ. 2006ರ ಮೆರಿಟೈಮ್ ಲೇಬರ್ ಕನ್ವೆನ್ಷನ್ ಅಂತ ಒಂದು ಅಂತರರಾಷ್ಟ್ರೀಯ ಒಪ್ಪಂದ ಇದೆ, ನಮ್ಮವರು ಎಂಎಲ್‌ಸಿ ಅನ್ನುತ್ತಾರೆ. ಭಾರತ 2015ರಲ್ಲಿ ಅದನ್ನು ಒಪ್ಪಿಕೊಂಡಿದೆ. ಪಾಸ್‌ಪೋರ್ಟ್, ಸಿಡಿಸಿ ಅನ್ನುವ ನಾವಿಕರ ಪುಸ್ತಕ, ವೈದ್ಯಕೀಯ ಪ್ರಮಾಣಪತ್ರ, ಈ ಮೂರರ ಖರ್ಚು ಹುಡುಗನದು. ಕೆಲಸ ಕೊಡಿಸಿದ್ದಕ್ಕೆ ಅಂತ ಕೇಳುವ ದುಡ್ಡು ಮಾತ್ರ ಕಾನೂನಿಗೆ ವಿರುದ್ಧ.

ಏಜೆಂಟನಿಗೆ ಆರ್‌ಪಿಎಸ್‌ಎಲ್ ಲೈಸೆನ್ಸ್ ನಂಬರ್ ಕೊಡು ಅಂತ ಕೇಳಲು ಮಗನಿಗೆ ಹೇಳಿ. ಹಡಗಿನ ಕೆಲಸಕ್ಕೆ ಜನ ಸೇರಿಸುವವರಿಗೆ ಮುಂಬೈಯ ಡೈರೆಕ್ಟರೇಟ್ ಜನರಲ್ ಆಫ್ ಶಿಪ್ಪಿಂಗ್ (ಡಿಜಿ ಶಿಪ್ಪಿಂಗ್) ಕೊಡುವ ಲೈಸೆನ್ಸ್ ಅದು, ಪಟ್ಟಿ ಅವರ ವೆಬ್‌ಸೈಟಿನಲ್ಲೇ ಇದೆ. ಅದರಲ್ಲಿ ಹೆಸರಿಲ್ಲ ಅಂದರೆ ಅಲ್ಲಿಗೆ ಬಿಟ್ಟುಬಿಡಿ.

ನನ್ನ ಜೊತೆ ಓದಿದ ಹುಡುಗನೊಬ್ಬ ಹೀಗೇ ಸಾಲ ಮಾಡಿ ಕೊಟ್ಟಿದ್ದ. ಟೂರಿಸ್ಟ್ ವೀಸಾದಲ್ಲಿ ದುಬೈಗೆ ಕಳಿಸಿದರು. ಅಲ್ಲಿ ಹಡಗೂ ಇಲ್ಲ, ಬಂದು ಕೇಳುವವರೂ ಇಲ್ಲ. ಒಂದು ಕೋಣೆಯಲ್ಲಿ ಹನ್ನೊಂದು ಜನ ಇಪ್ಪತ್ತು ದಿನ ಕೂತಿದ್ದು, ಅವನ ಮಾವ ಟಿಕೆಟ್ ಕಳಿಸಿದ ಮೇಲೆ ವಾಪಸ್ ಬಂದ. ಆ ಸಾಲ ತೀರಿಸಲು ಅವನಿಗೆ ಮೂರು ವರ್ಷ ಹಿಡಿಯಿತು. ಅದಕ್ಕೇ ಮೊದಲು ಇದನ್ನು ಬರೆದೆ. ಕೆಲಸದ ವಿಷಯ ರಾತ್ರಿ ಕೂತು ಬರೆಯುತ್ತೇನೆ.

ಮೂಡಿಗೆರೆಯ ಹಿರಿಯ

ತಾಯಿ, ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ನನ್ನ ಪ್ರಶ್ನೆಯೇ ಬೇರೆ. ಕೊಯ್ಲಿನ ಹೊತ್ತಿಗೆ ಆಳು ಸಿಗುತ್ತಿಲ್ಲ, ಮನೆಯ ಹುಡುಗರು ಒಬ್ಬೊಬ್ಬರಾಗಿ ಹೊರಟು ಹೋಗುತ್ತಿದ್ದಾರೆ. ನಮ್ಮ ಸಾಲಿನಲ್ಲಿ ಏಳು ಮನೆ. ಅದರಲ್ಲಿ ಐದು ಮನೆಯಲ್ಲಿ ಈಗ ಇರುವವರು ಅರವತ್ತು ದಾಟಿದವರು. ರೆಸಾರ್ಟಿನಲ್ಲಿ ಮಾಡುವ ಚಾಕರಿಯನ್ನೇ ಸಮುದ್ರದ ಮಧ್ಯೆ ಮಾಡಲು ಅಷ್ಟು ದೂರ ಯಾಕೆ ಹೋಗಬೇಕು? ಇರುವ ಮೂರೂವರೆ ಎಕರೆಯಲ್ಲೇ ಎರಡು ಕೋಣೆಯ ಹೋಂಸ್ಟೇ ಮಾಡಿಕೊಂಡರೆ ಆಗದೇ? ನೋಯಿಸಲು ಬರೆದದ್ದಲ್ಲ. ನನ್ನ ಇಬ್ಬರು ಮಕ್ಕಳೂ ಹೊರಗಿದ್ದಾರೆ, ಆ ಸಂಕಟದಿಂದಲೇ ಬರೆಯುತ್ತಿದ್ದೇನೆ.

ಹೇಮಾವತಿ ದಡ (ಸಕಲೇಶಪುರ)

ಹಿರಿಯರೇ, ನಿಮ್ಮ ಮಾತು ತೆಗೆದುಹಾಕುವಂಥದ್ದಲ್ಲ. ನಾನು ವಾಪಸ್ ಬಂದು ಈಗ ಐದು ಕೋಣೆಯ ಹೋಂಸ್ಟೇಯನ್ನೇ ನಡೆಸುತ್ತಿದ್ದೇನೆ. ಆದರೆ ಅದನ್ನು ಕಟ್ಟಿದ್ದು ಹಡಗಿನ ದುಡ್ಡಿನಿಂದ, ನಡೆಸುವುದನ್ನು ಕಲಿತದ್ದೂ ಹಡಗಿನಲ್ಲೇ.

ಅಮ್ಮಾ, ಸಣ್ಣ ಹಡಗಿಗೂ ದೊಡ್ಡ ಹಡಗಿಗೂ ಇರುವ ವ್ಯತ್ಯಾಸ ಹೇಳುತ್ತೇನೆ. 2024ರಲ್ಲಿ ಓಡಾಟ ಶುರುಮಾಡಿದ ಐಕಾನ್ ಆಫ್ ದ ಸೀಸ್ ಹಡಗಿನಲ್ಲಿ ಏಳು ಸಾವಿರಕ್ಕೂ ಹೆಚ್ಚು ಪ್ರಯಾಣಿಕರು ಹಿಡಿಯುತ್ತಾರೆ. ಸೀಡ್ರೀಮ್ ಅನ್ನುವ ಕಂಪನಿಯವರ ಸಣ್ಣ ಹಡಗಿನಲ್ಲಿ 112 ಜನ, ಅವರನ್ನು ನೋಡಿಕೊಳ್ಳಲು ಸುಮಾರು 95 ಸಿಬ್ಬಂದಿ. ಒಬ್ಬರಿಗೆ ಹೆಚ್ಚುಕಡಿಮೆ ಒಬ್ಬರು. ದೊಡ್ಡ ಹಡಗಿನಲ್ಲಿ ಎರಡೇ ದಿನಕ್ಕೆ ಜನಜಂಗುಳಿಯಲ್ಲಿ ಕರಗಿಹೋಗಬಹುದು, ತಪ್ಪು ಮಾಡಿದರೂ ಯಾರಿಗೂ ನೆನಪಿರುವುದಿಲ್ಲ. ಸಣ್ಣದರಲ್ಲಿ ಅಡಗಿಕೊಳ್ಳಲು ಜಾಗವೇ ಇಲ್ಲ. ಬೆಳಿಗ್ಗೆ ಮುಖ ಸಪ್ಪಗಿದ್ದರೆ ಮಧ್ಯಾಹ್ನಕ್ಕೆ ಕ್ಯಾಪ್ಟನ್‌ವರೆಗೂ ಗೊತ್ತಾಗಿರುತ್ತದೆ. ಎರಡನೇ ದಿನಕ್ಕೆ ಎಲ್ಲ ಪ್ರಯಾಣಿಕರ ಹೆಸರೂ ಬಾಯಿಗೆ ಬರಬೇಕು.

ನಾನು ಜೇಬಿನಲ್ಲಿ ಒಂದು ಪುಟ್ಟ ನೋಟ್‌ಬುಕ್ ಇಟ್ಟುಕೊಂಡಿರುತ್ತಿದ್ದೆ. ಯಾರಿಗೆ ದಿಂಬು ತೆಳ್ಳಗಿರಬೇಕು, ಯಾರು ಕನ್ನಡಕವನ್ನು ಎಲ್ಲೋ ಇಟ್ಟು ಹುಡುಕುತ್ತಾರೆ, ಎಲ್ಲ ಬರೆಯುತ್ತಿದ್ದೆ. 214ನೇ ಕ್ಯಾಬಿನ್ನಿನಲ್ಲಿ ಒಬ್ಬ ವಯಸ್ಸಾದ ಅಮ್ಮ ಒಬ್ಬರೇ ಬಂದಿದ್ದರು. ಮೊದಲ ದಿನ ಕಾಫಿ ಇಟ್ಟಾಗ ಕಪ್ಪನ್ನು ತಾವೇ ತಿರುಗಿಸಿಕೊಂಡು ಎತ್ತಿದರು. ಎಡಗೈಯವರು. ಅವತ್ತು ಸಂಜೆ ಬರೆದಿಟ್ಟೆ. ಮಾರನೇ ದಿನದಿಂದ ಕಪ್ಪಿನ ಹಿಡಿ ಎಡಕ್ಕೆ, ಚಮಚ ಎಡಕ್ಕೆ, ಹಾಸಿಗೆ ಪಕ್ಕದ ನೀರಿನ ಲೋಟವೂ ಎಡಕ್ಕೆ. ಅವರು ಏನೂ ಹೇಳಲಿಲ್ಲ. ಕಪ್ಪನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು, ಅಷ್ಟೇ. ಮುಂದಿನ ವರ್ಷ ಮತ್ತೆ ಬಂದರು, ನಾನು ಯಾವ ಹಡಗಿನಲ್ಲಿದ್ದೇನೆ ಅಂತ ಕಂಪನಿಯಲ್ಲಿ ವಿಚಾರಿಸಿಕೊಂಡು. ಸಣ್ಣ ಹಡಗಿನ ಕೆಲಸ ಅಂದರೆ ಮುಕ್ಕಾಲು ಪಾಲು ಇದೇ. ಮನೆಗೆ ಬಂದ ನೆಂಟರಿಗೆ ಏನು ಸೇರುತ್ತದೆ, ಏನು ಸೇರುವುದಿಲ್ಲ ಅಂತ ನೆನಪಿಟ್ಟು ಬಡಿಸುವ ಮನೆಯಲ್ಲಿ ಬೆಳೆದ ಹುಡುಗನಿಗೆ ಇದು ಬೇಗ ಕೈಗೆ ಹತ್ತುತ್ತದೆ.

ಕಷ್ಟ ಏನು ಅಂತಲೂ ಹೇಳಬೇಕು. ವಾರಕ್ಕೊಂದು ರಜೆ ಅನ್ನುವುದು ಇಲ್ಲ. ಕಾಂಟ್ರಾಕ್ಟಿನ ಆರು ತಿಂಗಳೂ ದಿನಾ ಕೆಲಸ. ನಿಯಮದ ಪ್ರಕಾರ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ಏಳು ದಿನದಲ್ಲಿ 77 ಗಂಟೆ ವಿಶ್ರಾಂತಿ ಸಿಗಲೇಬೇಕು. ಆ ಹತ್ತನ್ನು ಎರಡಕ್ಕಿಂತ ಹೆಚ್ಚು ತುಂಡು ಮಾಡುವಂತಿಲ್ಲ, ಒಂದು ತುಂಡು ಆರು ಗಂಟೆಯಾದರೂ ಇರಬೇಕು. ದಿನವೂ ಗಂಟೆ ಬರೆದು ಸಹಿ ಹಾಕಬೇಕು. ಮಗನಿಗೆ ಹೇಳಿ, ಮಾಡಿದ ಗಂಟೆಯನ್ನೇ ಬರೆಯಲಿ. ಮೇಲಿನವರ ಮುಖ ನೋಡಿ ಕಡಿಮೆ ಬರೆಯುವ ಚಾಳಿ ಕೆಲವು ಕಡೆ ಇದೆ. ನಾನೂ ಮೊದಲ ಕಾಂಟ್ರಾಕ್ಟಿನಲ್ಲಿ ಹಾಗೆ ಬರೆದೆ, ಮಾಡಬಾರದಿತ್ತು.

ಕ್ಯಾಬಿನ್ ನೀರಿನ ಮಟ್ಟದ ಕೆಳಗೆ. ಇಬ್ಬರಿಗೆ ಒಂದು ಕೋಣೆ, ಮೇಲೊಂದು ಕೆಳಗೊಂದು ಬಂಕ್, ಕಿಟಕಿ ಇಲ್ಲ. ಬೆಳಗಾಯಿತೋ ಇಲ್ಲವೋ ಗಡಿಯಾರ ನೋಡಿಯೇ ತಿಳಿಯಬೇಕು. ಮಲೆನಾಡಿನಲ್ಲಿ ಬಾಗಿಲು ತೆರೆದರೆ ಹಸಿರು ಕಂಡು ಬೆಳೆದವನಿಗೆ ಮೊದಲ ತಿಂಗಳು ಉಸಿರು ಕಟ್ಟಿದ ಹಾಗಾಗುತ್ತದೆ. ನನಗೆ ಆಗಿತ್ತು.

ಯಗಚಿ ನೀರು (ಬೇಲೂರು)

ನಾನು ಗ್ಯಾಲಿಯವನು, ಅಂದ್ರೆ ಹಡಗಿನ ಅಡುಗೆಮನೆ. ಈಗ ರಜೆ ಮೇಲೆ ಊರಲ್ಲಿದೀನಿ. ಅಣ್ಣ ಹೇಳಿದ್ದೆಲ್ಲ ಸರಿ, ಅಡುಗೆಮನೆ ಕಡೆಯಿಂದ ಒಂದೆರಡು ಮಾತು ಸೇರಿಸ್ತೀನಿ ಅಮ್ಮ.

ಹಡಗಲ್ಲಿ ಗ್ಯಾಸ್ ಒಲೆ ಇರಲ್ಲ, ಎಲ್ಲ ಕರೆಂಟಿನ ಹಾಟ್‌ಪ್ಲೇಟು. ಅದರ ಸುತ್ತ ಕಬ್ಬಿಣದ ಕಂಬಿ ಇರುತ್ತೆ, ಹಡಗು ಓಲಾಡಿದ್ರೆ ಪಾತ್ರೆ ಜಾರಬಾರದು ಅಂತ. ನಾನು ಎರಡು ಸೀಸನ್ ಅಂಟಾರ್ಕ್ಟಿಕಾ ಹಡಗಲ್ಲಿದ್ದೆ. ಅರ್ಜೆಂಟೀನಾದ ಉಶುವಾಯಾದಿಂದ ಹೊರಟು ಡ್ರೇಕ್ ಪ್ಯಾಸೇಜ್ ದಾಟೋಕೆ ಎರಡು ದಿನ ಬೇಕು. ಅಲೆ ಎದ್ದಾಗ ನಾವು ಮಾಡೋ ಮೊದಲನೇ ಕೆಲಸ ಮೇಜಿನ ಬಟ್ಟೆಗೆಲ್ಲ ನೀರು ಚಿಮುಕಿಸೋದು. ಒದ್ದೆ ಬಟ್ಟೆ ಮೇಲೆ ತಟ್ಟೆ ಜಾರಲ್ಲ. ಸಾರಿನ ಪಾತ್ರೆ ಅರ್ಧಕ್ಕಿಂತ ಮೇಲೆ ತುಂಬಂಗಿಲ್ಲ. ಚಾಕು ಹೊರಗೆ ಬಿಟ್ಟವನಿಗೆ ಶೆಫ್ ಬೈಯೋದಿಲ್ಲ, ನೇರ ಮನೆಗೆ ಕಳಿಸ್ತಾರೆ. ನಮ್ಮ ಕಡೆ ಆಷಾಢದ ಗಾಳಿಗೆ ಹೆಂಚು ಹಾರೋದನ್ನ ನೋಡಿದವನು ನಾನು, ಆದ್ರೂ ಮೊದಲ ಸಲ ಹೆದರಿದ್ದೆ. ವಾಂತಿ ಮಾಡ್ಕೊಂಡು ಬಂದು ಈರುಳ್ಳಿ ಹೆಚ್ಚಿದೀನಿ. ಮೂರನೇ ಸಲಕ್ಕೆ ಮೈ ಒಗ್ಗಿತು.

ಅಲ್ಲಿ ದಡಕ್ಕೆ ಒಂದು ಹೊತ್ತಿಗೆ 100 ಜನಕ್ಕಿಂತ ಹೆಚ್ಚು ಇಳಿಸಂಗಿಲ್ಲ. 500ಕ್ಕಿಂತ ಹೆಚ್ಚು ಪ್ರಯಾಣಿಕರಿರೋ ಹಡಗು ಯಾರನ್ನೂ ಇಳಿಸಂಗೇ ಇಲ್ಲ, ದೂರದಿಂದ ನೋಡ್ಕೊಂಡು ಹೋಗಬೇಕು. ಅದಕ್ಕೇ ಅಲ್ಲಿ ಸಣ್ಣ ಹಡಗಿಗೆ ಬೆಲೆ. ಪ್ರಯಾಣಿಕರೆಲ್ಲ ಇಳಿದು ಬಂದ ಮೇಲೆ ಜಾಗ ಇದ್ರೆ ನಮ್ಮಂಥವರನ್ನೂ ಜೋಡಿಯಾಕ್ ಅನ್ನೋ ಗಾಳಿ ತುಂಬಿದ ರಬ್ಬರ್ ಬೋಟಲ್ಲಿ ಕರ್ಕೊಂಡು ಹೋಗ್ತಿದ್ರು. ಬೂಟು ಉಜ್ಜಿ ಔಷಧಿ ನೀರಲ್ಲಿ ಅದ್ದಿಯೇ ಇಳೀಬೇಕು, ಪೆಂಗ್ವಿನ್‌ನಿಂದ ಐದು ಮೀಟರ್ ದೂರ ನಿಲ್ಲಬೇಕು. ನಾನು ನಿಂತೇ ಇದ್ದೆ, ಅದೇ ನಡ್ಕೊಂಡು ಬಂದು ನನ್ನ ಬೂಟು ನೋಡಿ ಹೋಯ್ತು. ಬೇಲೂರಿನ ಹುಡುಗ ಅಲ್ಲಿ ನಿಂತಿದೀನಿ ಅಂತ ನೆನೆಸ್ಕೊಂಡು ಕಣ್ಣಲ್ಲಿ ನೀರು ಬಂತು.

ಇನ್ನು ಅಮೆರಿಕದ ಬಂದರಿಗೆ ಹೋಗೋ ಹಡಗಾದ್ರೆ ಆರೋಗ್ಯ ತಪಾಸಣೆ ಬರುತ್ತೆ, ನಾವು ಯುಎಸ್‌ಪಿಎಚ್ ಅಂತೀವಿ. ನೂರಕ್ಕೆ 86 ಬಂದ್ರೆ ಪಾಸು, 85 ಬಂದ್ರೆ ಫೇಲು. ತಣ್ಣಗಿನ ಪದಾರ್ಥ 5 ಡಿಗ್ರಿ ಮೇಲೆ ಹೋಗಬಾರದು, ಬಿಸಿ ಪದಾರ್ಥ 57ರ ಕೆಳಗೆ ಇಳೀಬಾರದು. ಇದನ್ನ ಕಲಿತವನು ಪ್ರಪಂಚದ ಯಾವ ಅಡುಗೆಮನೆಯಲ್ಲಿ ಬೇಕಾದ್ರೂ ನಿಲ್ತಾನೆ.

ಊಟದ ಬಗ್ಗೆ ಕೇಳಿದ್ರಲ್ಲ ಅಮ್ಮ. ಕ್ರೂ ಮೆಸ್ಸಲ್ಲಿ ಅನ್ನ ದಿನಾ ಇರುತ್ತೆ, ಭಾರತದವರು ಹೆಚ್ಚಿದ್ರೆ ಬೇಳೆ ಸಾರೂ ಇರುತ್ತೆ. ರೊಟ್ಟಿ ಬೇಕು ಅನ್ನಿಸಿದ್ರೆ ನಾನೇ ಅಕ್ಕಿಹಿಟ್ಟು ಕಲಸಿ ತಟ್ಟಿದೀನಿ. ಫಿಲಿಪೀನ್ಸ್‌ನವರೂ ಕೇಳಿ ಹಾಕಿಸ್ಕೊಂಡು ತಿಂದ್ರು.

ವಿದ್ಯಾನಗರದ ಮನೆ (ಹಾಸನ)

ಅಕ್ಕಾ, ನಾನು ದಡದಲ್ಲಿ ಉಳಿದವಳು. ನಮ್ಮ ಮನೆಯವರು ಎಂಟು ವರ್ಷದಿಂದ ಹಡಗಿನಲ್ಲಿದ್ದಾರೆ, ರೆಸ್ಟೋರೆಂಟ್ ವಿಭಾಗದಲ್ಲಿ. ನಮ್ಮ ಕಡೆಯ ಮಾತೂ ನಿಮಗೆ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ಸಂಬಳ ಡಾಲರ್‌ನಲ್ಲಿ ಬರುತ್ತದೆ, ನಿಜ. ಊಟ ವಸತಿಗೆ ಖರ್ಚಿಲ್ಲ, ಹೋಗಿ ಬರುವ ವಿಮಾನದ ಟಿಕೆಟ್ಟೂ ಕಂಪನಿಯದೇ. ಆದರೆ ರಜೆಯ ಎರಡು ತಿಂಗಳು ಅವರ ವಿಭಾಗಕ್ಕೆ ಸಂಬಳ ಇಲ್ಲ. ಪಿಎಫ್ ಇಲ್ಲ. ಐಷಾರಾಮಿ ಹಡಗಿನಲ್ಲಿ ಟಿಪ್ಸ್ ಜಾಸ್ತಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಹಾಗಿಲ್ಲ. ಇಂಥ ಎಷ್ಟೋ ಹಡಗುಗಳಲ್ಲಿ ಟಿಪ್ಸ್ ಟಿಕೆಟ್ಟಿನಲ್ಲೇ ಸೇರಿರುತ್ತದೆ, ಪ್ರಯಾಣಿಕರು ಬೇರೆ ಕೊಡಬೇಕೆಂದಿಲ್ಲ. ಆದ್ದರಿಂದ ಕಾಂಟ್ರಾಕ್ಟಿನಲ್ಲಿ ಬರೆದ ಮೊತ್ತವನ್ನೇ ನಂಬಿ ಲೆಕ್ಕ ಹಾಕಿ. ಸಂಬಳ ಹಾಕಿಸಲು ಎನ್‌ಆರ್‌ಇ ಅನ್ನುವ, ಹೊರದೇಶದಲ್ಲಿ ದುಡಿಯುವವರ ಬ್ಯಾಂಕ್ ಖಾತೆ ತೆರೆಯಬೇಕು. ಆರ್ಥಿಕ ವರ್ಷದಲ್ಲಿ ಅವರು ಭಾರತದಲ್ಲಿದ್ದ ದಿನ 182ಕ್ಕಿಂತ ಕಡಿಮೆ ಇದೆಯಾ ಅಂತ ನಾನು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇನೆ, ತೆರಿಗೆಯ ಲೆಕ್ಕ ನಿಂತಿರುವುದು ಅದರ ಮೇಲೆ. ಸೈನ್ ಆನ್, ಸೈನ್ ಆಫ್, ಅಂದರೆ ಹಡಗು ಹತ್ತಿದ, ಇಳಿದ ತಾರೀಕು ಇರುವ ಸಿಡಿಸಿ ಪುಟವನ್ನು ಪ್ರತಿ ಸಲವೂ ಜೆರಾಕ್ಸ್ ಮಾಡಿಸಿ ಇಡಿ.

ಎರಡು ವರ್ಷದ ಹಿಂದೆ ನಮ್ಮ ಮಾವ ತೀರಿಕೊಂಡರು. ರಾತ್ರಿ ಹನ್ನೊಂದಕ್ಕೆ ಎದೆನೋವು ಅಂದರು, ಬೆಳಗಾಗುವಷ್ಟರಲ್ಲಿ ಇಲ್ಲ. ಇವರ ಹಡಗು ಪೆಸಿಫಿಕ್ ಸಾಗರದ ನಡುವೆ ಇತ್ತು, ಮುಂದಿನ ಬಂದರಿಗೆ ನಾಲ್ಕು ದಿನ. ಫೋನ್ ಮಾಡಿ ಹೇಳಿದವಳು ನಾನೇ. ಅವರು ಅಳಲಿಲ್ಲ. ಫೋನನ್ನು ಅಪ್ಪನ ಕಿವಿಯ ಹತ್ತಿರ ಹಿಡಿ ಅಂದರು. ಹಿಡಿದೆ. ಐದು ನಿಮಿಷ ಮಾತಾಡಿದರು. ಏನು ಹೇಳಿದರು ಅಂತ ನಾನು ಕೇಳಿಸಿಕೊಳ್ಳಲಿಲ್ಲ, ಇವತ್ತಿನವರೆಗೂ ಕೇಳಿಲ್ಲ. ಚಿತೆಗೆ ಮೈದುನ ಬೆಂಕಿ ಇಟ್ಟ. ಇವರು ಬಂದದ್ದು ಒಂಬತ್ತನೇ ದಿನ, ತಿಥಿಗೆ ಎರಡು ದಿನ ಮುಂಚೆ. ಟಿಕೆಟ್ ಕಂಪನಿಯೇ ಮಾಡಿಸಿತ್ತು, ಅದರಲ್ಲಿ ತಪ್ಪು ಹೇಳಲಾರೆ. ಹಡಗು ಇದ್ದ ಜಾಗವೇ ಅಷ್ಟು ದೂರ.

ಹೆದರಿಸಲು ಹೇಳಿದ್ದಲ್ಲ ಅಕ್ಕ. ಮಗ ಹೊರಡುವ ಮುಂಚೆ ಮನೆಯವರೆಲ್ಲ ಒಮ್ಮೆ ಕೂತು, ಹೀಗಾದರೆ ಏನು ಮಾಡುವುದು ಅಂತ ಮಾತಾಡಿಕೊಳ್ಳಿ. ನಾವು ಮಾತಾಡಿಕೊಂಡಿರಲಿಲ್ಲ.

ಮೂಡಿಗೆರೆಯ ಹಿರಿಯ

ತಂಗಿ, ನಿಮ್ಮ ಬರಹ ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ನನ್ನ ಮಕ್ಕಳಿಗೆ ಇವತ್ತು ರಾತ್ರಿ ಫೋನ್ ಮಾಡುತ್ತೇನೆ.

ಕಡೂರಿನ ಹುಡುಗಿ

ನನಗೂ ಒಂದು ಪ್ರಶ್ನೆ ಇದೆ. ಹೋಟೆಲ್ ಮ್ಯಾನೇಜ್‌ಮೆಂಟ್ ಕೊನೆಯ ವರ್ಷ. ಹೆಣ್ಣುಮಕ್ಕಳು ಹೋಗಬಹುದಾ? ಮನೆಯಲ್ಲಿ ಕೇಳುವ ಧೈರ್ಯ ಬರುತ್ತಿಲ್ಲ.

ಹಾರನಹಳ್ಳಿ ಕಡೆಯವಳು (ಅರಸೀಕೆರೆ)

ಖಂಡಿತ ಹೋಗಬಹುದು ತಂಗಿ. ನಾನು ನಾಲ್ಕು ಕಾಂಟ್ರಾಕ್ಟ್ ಮಾಡಿದ್ದೇನೆ, ಹೌಸ್‌ಕೀಪಿಂಗ್‌ನಲ್ಲಿ. ಕ್ಯಾಬಿನ್ ಹಂಚಿಕೊಳ್ಳುವುದು ಹೆಂಗಸರ ಜೊತೆಗೇ. ಕಾರಿಡಾರಿನಲ್ಲೆಲ್ಲ ಕ್ಯಾಮೆರಾ ಇತ್ತು. ದೂರು ಕೊಡುವ ಕ್ರಮವನ್ನು ಬರೆದ ಹಾಳೆಯನ್ನು ಕೈಗೆ ಕೊಡಬೇಕು ಅಂತ ನಿಯಮ ಇದೆ, ಕೊಡದಿದ್ದರೆ ಕೇಳಿ ತೆಗೆದುಕೋ. ನನಗೆ ಒಂದು ಸಲ ಅದು ಬೇಕಾಯಿತು. ಮೇಲ್ವಿಚಾರಕನೊಬ್ಬ ಮಾತಿನಲ್ಲಿ ಮಿತಿ ಮೀರಿದ. ನಾನು ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ಅಂತ ಮೂರು ಸಲದ್ದನ್ನೂ ಬರೆದಿಟ್ಟು ಕ್ಯಾಪ್ಟನ್‌ಗೆ ಕೊಟ್ಟೆ. ಮುಂದಿನ ಬಂದರಿನಲ್ಲಿ ಅವನನ್ನು ಇಳಿಸಿದರು. ಸಣ್ಣ ಹಡಗಾದ್ದರಿಂದ ಕ್ಯಾಪ್ಟನ್ ಬಾಗಿಲು ಹತ್ತೇ ಹೆಜ್ಜೆ ದೂರ ಇತ್ತು. ಆದರೆ ಅದೇ ಸಣ್ಣ ಹಡಗಾದ್ದರಿಂದ, ಬಂದರು ಬರುವವರೆಗೆ ಮೂರು ದಿನ ಅವನನ್ನು ದಿನಾ ಎದುರು ನೋಡಬೇಕಾಗಿ ಬಂತು. ಆ ಮೂರು ದಿನ ಜೊತೆಯ ಇಬ್ಬರು ಹುಡುಗಿಯರು ನನ್ನನ್ನು ಒಬ್ಬಳೇ ಇರಲು ಬಿಡಲಿಲ್ಲ.

ಮನೆಯಲ್ಲಿ ಕೇಳು. ನಮ್ಮಪ್ಪ ಮೊದಲು ಬೇಡವೇ ಬೇಡ ಅಂದರು. ಮೊದಲ ಕಾಂಟ್ರಾಕ್ಟ್ ಮುಗಿಸಿ ಬಂದಾಗ ತೆಂಗಿನ ತೋಟಕ್ಕೆ ಬೋರ್‌ವೆಲ್ ಕೊರೆಸಿದೆ. ಈಗ ನೆಂಟರಿಗೆ ನನ್ನ ಸಿಡಿಸಿ ತೋರಿಸುತ್ತಾರೆ.

ಕೈಮರದ ಅಮ್ಮ (ಚಿಕ್ಕಮಗಳೂರು)

ಎಲ್ಲರಿಗೂ ಕೈಮುಗಿಯುತ್ತೇನೆ. ನೀವು ಬರೆದದ್ದನ್ನೆಲ್ಲ ಮಗ ಜೋರಾಗಿ ಓದಿದ, ನಾನೂ ಅವರಪ್ಪನೂ ಕೂತು ಕೇಳಿದೆವು. ಏಜೆಂಟನಿಗೆ ಲೈಸೆನ್ಸ್ ನಂಬರ್ ಕೇಳಿದಾಗ ನಾಳೆ ಕೊಡುತ್ತೇನೆ ಅಂದ. ಮೂರು ದಿನವಾಯಿತು, ಈಗ ಫೋನೇ ಎತ್ತುತ್ತಿಲ್ಲ. ಪಟ್ಟಿಯಲ್ಲೂ ಅವನ ಕಂಪನಿಯ ಹೆಸರಿಲ್ಲ. ನೀವು ಹೇಳದಿದ್ದರೆ ಶುಕ್ರವಾರ ದುಡ್ಡು ಕೊಟ್ಟುಬಿಡುತ್ತಿದ್ದೆವು.

ಆದರೂ ಮಗ ಹೋಗುವುದು ಖಚಿತ, ಸರಿಯಾದ ದಾರಿಯಲ್ಲೇ ಹೋಗುತ್ತೇನೆ ಅನ್ನುತ್ತಾನೆ. ಮುಂದೆ ಏನು ಮಾಡಬೇಕು?

ಹೇಮಾವತಿ ದಡ (ಸಕಲೇಶಪುರ)

ದುಡ್ಡು ಉಳಿಯಿತಲ್ಲ ಅಮ್ಮಾ, ಓದಿ ನೆಮ್ಮದಿಯಾಯಿತು.

ಪಾಸ್‌ಪೋರ್ಟ್ ಇಲ್ಲದಿದ್ದರೆ ಹಾಸನದ ಪೋಸ್ಟ್ ಆಫೀಸಿನ ಕೇಂದ್ರದಲ್ಲೇ ಆಗುತ್ತದೆ. ಆಮೇಲೆ ಎಸ್‌ಟಿಸಿಡಬ್ಲ್ಯು ಅನ್ನುವ ನಾವಿಕರ ಸುರಕ್ಷತಾ ತರಬೇತಿಯ ಬೇಸಿಕ್ ಕೋರ್ಸುಗಳು. ನೀರಿನಲ್ಲಿ ಜೀವ ಉಳಿಸಿಕೊಳ್ಳುವುದು, ಬೆಂಕಿ ಆರಿಸುವುದು, ಪ್ರಥಮ ಚಿಕಿತ್ಸೆ, ಹಡಗಿನಲ್ಲಿ ಸುರಕ್ಷಿತವಾಗಿ ನಡೆದುಕೊಳ್ಳುವುದು, ಜೊತೆಗೆ ಭದ್ರತೆಯದ್ದೊಂದು. ಗೋವಾ, ಮುಂಬೈ, ಕೊಚ್ಚಿ, ಚೆನ್ನೈಗಳಲ್ಲಿ ಡಿಜಿ ಶಿಪ್ಪಿಂಗ್ ಮಾನ್ಯತೆ ಇರುವ ಸಂಸ್ಥೆಗಳಿವೆ, ಮಾನ್ಯತೆ ನೋಡಿಕೊಂಡೇ ಸೇರಲಿ. ಲೈಫ್ ಜಾಕೆಟ್ ಹಾಕಿಸಿ ಎತ್ತರದಿಂದ ಈಜುಕೊಳಕ್ಕೆ ಹಾರಿಸುತ್ತಾರೆ, ಮಗುಚಿಬಿದ್ದ ರಾಫ್ಟನ್ನು ನೀರಿನಲ್ಲೇ ನೇರ ಮಾಡಿಸುತ್ತಾರೆ. ಈಜು ಬಾರದಿದ್ದರೆ ಈಗಿನಿಂದಲೇ ಕಲಿಯಲಿ. ಕೋರ್ಸಿಗೆ ಮುಂಚೆ ಇಂಡೋಸ್ ಅನ್ನುವ ನಾವಿಕರ ಗುರುತಿನ ನಂಬರ್ ತೆಗೆಯಬೇಕು, ಕೋರ್ಸ್ ಮುಗಿದ ಮೇಲೆ ಸಿಡಿಸಿಗೆ ಅರ್ಜಿ. ಅಮೆರಿಕದ ಕಡೆ ಹೋಗುವ ಹಡಗಾದರೆ ಹಡಗಿನ ಸಿಬ್ಬಂದಿಗೆ ಕೊಡುವ ಸಿ1/ಡಿ ವೀಸಾ ಬೇಕು, ಅದಕ್ಕೆ ಪತ್ರ ಕಂಪನಿ ಕೊಡುತ್ತದೆ. ಕಂಪನಿಗಳ ವೆಬ್‌ಸೈಟಿನಲ್ಲೇ ಅವರ ಅಧಿಕೃತ ಏಜೆನ್ಸಿಯ ಹೆಸರು ಹಾಕಿರುತ್ತಾರೆ, ಅಲ್ಲಿಂದಲೇ ಅರ್ಜಿ ಹಾಕಲಿ.

ಡ್ರಿಲ್‌ಗಳನ್ನು ಹಗುರವಾಗಿ ತೆಗೆದುಕೊಳ್ಳಬೇಡ ಅಂತ ಹೇಳಿ. ವಾರವಾರವೂ ಇರುತ್ತದೆ. ಏಳು ಸಲ ಚಿಕ್ಕದಾಗಿ, ಒಂದು ಸಲ ಉದ್ದವಾಗಿ ಸೈರನ್ ಕೂಗಿದರೆ ಎಲ್ಲಿದ್ದರೂ ತನ್ನ ಮಸ್ಟರ್ ಸ್ಟೇಷನ್ನಿಗೆ, ಅಂದರೆ ಅಪಾಯದ ಹೊತ್ತಿಗೆ ಸೇರಬೇಕಾದ ಜಾಗಕ್ಕೆ ಓಡಬೇಕು. ಸ್ಟುವರ್ಡ್ ಅಂದರೆ ಹಾಸಿಗೆ ಹಾಸುವವನು ಮಾತ್ರ ಅಲ್ಲ, ಆ ಹೊತ್ತಿಗೆ 214ರ ಅಮ್ಮನ ಕೈ ಹಿಡಿದು ಲೈಫ್ ಬೋಟಿಗೆ ಕೂರಿಸುವವನೂ ಅವನೇ. ಈಗಲೂ ರಾತ್ರಿ ದೋಣಿಗಲ್ ಕಡೆಯಿಂದ ಗೂಡ್ಸ್ ರೈಲು ಉದ್ದಕ್ಕೆ ಕೂಗಿದರೆ ನಾನು ಎದ್ದು ಕೂರುತ್ತೇನೆ.

ಒಂದು ಸಂತೋಷದ ವಿಷಯವನ್ನೂ ಹೇಳಿಬಿಡುತ್ತೇನೆ. ಗ್ರೀಸ್ ದೇಶದಲ್ಲಿ ಕೊರಿಂತ್ ಕಾಲುವೆ ಅಂತ ಇದೆ, 1893ರಲ್ಲಿ ಬಂಡೆ ಕೊರೆದು ಮಾಡಿದ್ದು. ಉದ್ದ ಆರು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು, ತಳದ ಅಗಲ ಸುಮಾರು 21 ಮೀಟರ್ ಅಷ್ಟೇ. ದೊಡ್ಡ ಹಡಗು ಅದರೊಳಗೆ ನುಗ್ಗುವುದೇ ಇಲ್ಲ. ನಮ್ಮ ಹಡಗನ್ನು ಟಗ್ ಬೋಟು ಎಳೆದುಕೊಂಡು ಹೋಗುವಾಗ ಎರಡೂ ಕಡೆ ಗೋಡೆ ಕೈಗೆ ಸಿಗುವಷ್ಟು ಹತ್ತಿರ, ಚಾರ್ಮಾಡಿಯಲ್ಲಿ ಬಸ್ಸು ಬಂಡೆ ಸವರಿಕೊಂಡು ಇಳಿದ ಹಾಗೆ. ಐದು ನಿಮಿಷ ಬಿಡುವು ಕೇಳಿ ಡೆಕ್ಕಿಗೆ ಹೋಗಿ ನೋಡಿದೆ. ನಿಮ್ಮ ಮಗನಿಗೂ ಅಂಥ ಐದು ನಿಮಿಷ ಸಿಗಲಿ.

ಕೈಮರದ ಅಮ್ಮ (ಚಿಕ್ಕಮಗಳೂರು)

ಗೋವಾದಲ್ಲಿ ಕೋರ್ಸಿಗೆ ಸೀಟು ಸಿಕ್ಕಿದೆ ತಮ್ಮಾ, ಮುಂದಿನ ತಿಂಗಳು ಹೋಗುತ್ತಾನೆ. ಅವರಪ್ಪ ತೋಟದ ಕೆಳಗಿನ ಕೆರೆಯಲ್ಲಿ ದಿನಾ ಬೆಳಿಗ್ಗೆ ಈಜು ಹೇಳಿಕೊಡುತ್ತಿದ್ದಾರೆ. ಮನೆಯವರೆಲ್ಲ ಕೂತು ಮಾತೂ ಆಡಿದೆವು, ಹಾಸನದ ತಂಗಿ ಹೇಳಿದ ಹಾಗೆ. ಕಷ್ಟವಾಯಿತು, ಆದರೂ ಆಡಿದೆವು. ಒಂದೇ ಒಂದು ಕೇಳಬೇಕು. ಅವನಿಗೆ ಬೆಳಿಗ್ಗೆ ನಮ್ಮ ತೋಟದ ಕಾಫಿಯೇ ಆಗಬೇಕು. ಪುಡಿ, ಫಿಲ್ಟರ್, ಒಂದು ಕರೆಂಟ್ ಕೆಟಲ್ ಕಟ್ಟಿಕೊಡಬಹುದಾ?

ಹೇಮಾವತಿ ದಡ (ಸಕಲೇಶಪುರ)

ಕೆಟಲ್ ಬೇಡ ಅಮ್ಮಾ. ಬೆಂಕಿಯ ಭಯಕ್ಕೆ ಕ್ರೂ ಕ್ಯಾಬಿನ್‌ನಲ್ಲಿ ಅದನ್ನು ಬಿಡುವುದಿಲ್ಲ, ತಪಾಸಣೆಯಲ್ಲಿ ಸಿಕ್ಕರೆ ತೆಗೆದುಕೊಂಡು ಹೋಗುತ್ತಾರೆ. ಪುಡಿಯನ್ನು ಕಾಲು ಕಾಲು ಕೆಜಿ ಸೀಲ್ ಮಾಡಿಸಿ ಕೊಡಿ, ಸ್ಟೀಲ್ ಫಿಲ್ಟರ್ ಚಿಕ್ಕದು ಸಾಕು. ಬಿಸಿನೀರು ಮೆಸ್ಸಿನಲ್ಲಿ ಹಗಲು ರಾತ್ರಿ ಇರುತ್ತದೆ. ಫಿಲ್ಟರನ್ನು ರಾತ್ರಿ ಮಲಗುವಾಗ ಶೂ ಒಳಗೆ ಸಿಕ್ಕಿಸಿಡಲಿ, ಹಡಗು ಓಲಾಡಿದರೂ ಬೀಳುವುದಿಲ್ಲ.